ಜೇಬಿನಲ್ಲಿದ್ದ ಮೊಹರು

ಮಾರ್ಚ್ ೧೧, ಮಂಗಳವಾರ.

ಕೈ ಮೂರು ಸಲ ತೊಳೆದರೂ ಅರಗಿನ ವಾಸನೆ ಹೋಗಿಲ್ಲ. ಇವತ್ತು ಪೊಲೀಸಿನವನು ನಮ್ಮ ಪ್ರಯೋಗಾಲಯಕ್ಕೆ ತಂದ ರಕ್ತದ ಬಟ್ಟೆಯ ಪೊಟ್ಟಣದ ಮೊಹರು ಒಡೆದಿತ್ತು. ನಡುವೆ ಯಾರಾದರೂ ಬಿಚ್ಚಿ ಏನಾದರೂ ಹಚ್ಚಿರಬಹುದು; ವಾಪಸ್ ಕಳಿಸಬೇಕು, ಅದು ನಿಯಮ. ಅವನು ನಗುತ್ತಾ ಜೇಬಿನಿಂದ ಠಾಣೆಯ ಮೊಹರನ್ನೇ ತೆಗೆದ.

“ಇಲ್ಲೇ ಒತ್ಬಿಡ್ತೀನಿ ಮೇಡಂ. ವಾಪಸ್ ಕಳಿಸಿದ್ರೆ ವರದಿ ತಡವಾಗಿ, ಈ ಕೇಸಲ್ಲಿ ಜೈಲಲ್ಲಿರೋನು ಇನ್ನೊಂದು ವರ್ಷ ಕೊಳೀತಾನೆ. ಪಾಪ ನಿಮಗೇ ಸುತ್ಕೊಳ್ಳುತ್ತೆ.”

ಅವನಿಗೆಲ್ಲಿಯ ಕನಿಕರ! ಇನ್ನೊಮ್ಮೆ ಬಸ್ಸು ಹತ್ತುವ ಸೋಮಾರಿತನ, ಅಷ್ಟೆ. ಅದು ಗೊತ್ತಿದ್ದೂ ಅರಗು ಕರಗಿಸಲು ಮೋಂಬತ್ತಿ ಹುಡುಕಿಕೊಟ್ಟವಳು ನಾನು. ಆಮೇಲೆ ದಾಖಲೆ ಪುಸ್ತಕದಲ್ಲಿ ದುಂಡಗೆ ಬರೆದೆ: ‘ಮೊಹರು ಸುಸ್ಥಿತಿಯಲ್ಲಿದೆ.’ ಇನ್ನು ಆ ಬಟ್ಟೆಯಲ್ಲಿ ಯಾರ ರಕ್ತ ಸಿಕ್ಕರೂ ನ್ಯಾಯಾಧೀಶರು ನನ್ನ ಈ ಸಾಲನ್ನು ನಂಬುತ್ತಾರೆ.

ಓದುತ್ತಿದ್ದ ಅನುವಾದದ ಕಾದಂಬರಿ ತೆರೆದೆ. ನಿನ್ನೆ ಅದರಲ್ಲಿ ಸುಳ್ಳುಸಾಕ್ಷಿ ಹೇಳುವವನ ಮಾತಿನ ಪಕ್ಕ ಪೆನ್ಸಿಲಿನಲ್ಲಿ ‘ಥೂ’ ಎಂದು ಬರೆದಿದ್ದೆ. ಅಳಿಸಲಿಲ್ಲ.