ಹಾಲು ಉಕ್ಕಿದ ಇದ್ದಿಲು ಗಾಡಿ

ಸಖರಾಯಪಟ್ಟಣ
16-9-2024, ಸೋಮವಾರ

ಪ್ರೀತಿಯ ನಿಶ್ಚಿತಾಳ ಅಪ್ಪನಿಗೆ, ನಯನ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಎಡ ಮೊಣಕಾಲಿನ ಸಮಾಚಾರ ಹೇಳಿ. ಬೆಟ್ಟದ ಆ ಚಳಿಯಲ್ಲಿ, ಕಂಪನಿಯ ಸುರಂಗ ಕೆಲಸದ ಆ ನೀರಿನಲ್ಲಿ ನಿಂತು ನಿಂತು ಅದು ಮತ್ತೆ ಊದಿಕೊಂಡಿದೆಯಾ? ಅತ್ತೆ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಬಾಟಲಿ ಟ್ರಂಕಿನಲ್ಲೇ ಹೆಪ್ಪುಗಟ್ಟಿ ಕೂತಿದೆಯಾ? ನಿಮ್ಮ ಮೆಸ್ಸಿನವನು ಈಗಲಾದರೂ ಅನ್ನವನ್ನು ಅನ್ನದ ಹಾಗೆ ಮಾಡುತ್ತಾನಾ? ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ಮಾವನ ಕೆಮ್ಮು ಗಣೇಶನ ಹಬ್ಬಕ್ಕೆ ಮೊದಲೇ ಹೋಯಿತು. ಅತ್ತೆಯ ಬಿಪಿ ಸರಿಯಾಗಿದೆ, ಬಾಯಿ ಅದಕ್ಕಿಂತ ಸರಿಯಾಗಿದೆ. ನಿಶ್ಚಿತಾಗೆ ಮುಂದಿನ ಎರಡು ಹಲ್ಲು ಬಿದ್ದು, ಅಪ್ಪನ ಹೆಸರು ಕೇಳಿದವರಿಗೆಲ್ಲ "ತೀರ್ಥೇಫ್" ಎನ್ನುತ್ತಿದ್ದಾಳೆ.

ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಏಕೆ ಬರೆದಳು ಎಂದುಕೊಳ್ಳುತ್ತೀರಿ. ಹದಿನೈದು ದಿನಕ್ಕೊಮ್ಮೆ ಬೆಟ್ಟ ಇಳಿದಾಗ ನಿಮಗೆ ಸಿಗುವುದು ಹತ್ತು ನಿಮಿಷದ ಸಿಗ್ನಲ್. ಈ ಸುದ್ದಿಯ ಮೊದಲ ವಾಕ್ಯ ಕೇಳಿದರೆ ಉಳಿದ ಒಂಬತ್ತು ನಿಮಿಷವೂ ನೀವೇ ಬೈಯುತ್ತೀರಿ. ಕಾಗದ ಓದುವವರು ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ. ಆ ಮೊದಲ ವಾಕ್ಯ ಇದು: ನಾನು ನಿಮ್ಮ ವೆಲ್ಡಿಂಗ್ ಮೆಷೀನು ಮುಟ್ಟಿದೆ. ಸುಮ್ಮನೆ ಮುಟ್ಟಿ ಬಿಡಲಿಲ್ಲ, ಅದರಲ್ಲಿ ಒಂದು ತಳ್ಳುಗಾಡಿಯನ್ನೇ ಕಟ್ಟಿದೆ. ಇದ್ದಿಲ ಕೆಂಡದ ಮೇಲೆ ಜೋಳದ ತೆನೆ, ಗೆಣಸು ಸುಡುವ ಗಾಡಿ. ನಿನ್ನೆ ಭಾನುವಾರ ಅದು ರಸ್ತೆ ಬದಿಯ ಹುಣಸೆಮರದ ಕೆಳಗೆ ನಿಂತಿತ್ತು, ಅದರ ಮುಂದೆ ಕಾರುಗಳು ನಿಂತಿದ್ದವು! ಅವಸರಕ್ಕೆ ಅಕ್ಷರ ಕಾಗೆಕಾಲಾಗಿದ್ದರೆ ಹೊಂದಿಸಿಕೊಂಡು ಓದಿ.

ಇದಕ್ಕೆಲ್ಲ ಕಾರಣ ನೀವೇ. ಹೋದ ತಿಂಗಳು ಫೋನು ಮಾಡಿದಾಗ, ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಸೆಪ್ಟೆಂಬರ್ ಮೂವತ್ತರೊಳಗೆ ಹೇಳಬೇಕು ಎಂದಿರಿ. ಬೇಡ, ಬಂದುಬಿಡಿ ಎಂದೆ. ಅದಕ್ಕೆ ನೀವು, "ಊರಿಗ್ ಬಂದು ಏನ್ ಮಾಡ್ಲಿ ಹೇಳು? ಗೇಟು, ಕಿಟಕಿ ಎಲ್ಲಾ ರೆಡಿಮೇಡ್ ಬತ್ತಾವೆ. ಅಲ್ಲಿ ಯಾರಿಗ್ ಬೇಕು ನನ್ ಕೆಲ್ಸ?" ಎಂದಿರಿ. ಲೈನು ಕಟ್ಟಾಯಿತೆಂದು ನೀವು ತಿಳಿದಿರಬೇಕು. ಕಟ್ಟಾಗಿರಲಿಲ್ಲ, ನಾನೇ ಸುಮ್ಮನಿದ್ದೆ.

ಅದೇ ವಾರ ಒಂದು ಸಂಜೆ ಮಳೆ ಬಂದು ಕರೆಂಟು ಹೋಯಿತು. ಹೊಲಿದ ಬ್ಲೌಸುಗಳಿಗೆ ಇಸ್ತ್ರಿ ಹಾಕಲು ಹಳೆಯ ಕೆಂಡದ ಇಸ್ತ್ರಿ ಪೆಟ್ಟಿಗೆ ಇಳಿಸಿದೆ. ನಿಮಗೆ ಗೊತ್ತಿದೆಯಲ್ಲ, ಅದಕ್ಕೆ ನಾನು ಹಾಕುವುದು ನಮ್ಮ ತೋಟದ ತೆಂಗಿನ ಕರಟ ಸುಟ್ಟು ಮಾಡಿದ ಇದ್ದಿಲು, ಹೊಗೆ ಇಲ್ಲ, ಕಾವು ಬೇಕಾದಷ್ಟು. ಕೆಲಸ ಮುಗಿದ ಮೇಲೆ ಕೆಂಡ ಹಾಳಾಗುತ್ತದಲ್ಲ ಎಂದು ಮುಚ್ಚಳ ತೆಗೆದು ಒಂದು ಜೋಳದ ತೆನೆ ಸುಟ್ಟು ಮಾವನಿಗೆ ಕೊಟ್ಟೆ. ಯಾವುದನ್ನೂ ಚೆನ್ನಾಗಿದೆ ಎನ್ನದ ಮನುಷ್ಯ ಅವರು. ದಿಂಡು ಮಾತ್ರ ಉಳಿಸಿ, "ಇನ್ನೊಂದ್ ಐತಾ?" ಎಂದರು. ಇಸ್ತ್ರಿ ಪೆಟ್ಟಿಗೆಯ ಮುಂದೆ ಕೂತಿದ್ದಂತೆಯೇ ನನ್ನ ತಲೆಯಲ್ಲಿ ಗಾಡಿ ಉರುಳತೊಡಗಿತು. ಮನೆ ಹಿಂದೆ ಕರಟದ ರಾಶಿ ಇದೆ, ಹೊಲದಲ್ಲಿ ಮುಸುಕಿನ ಜೋಳ ಇದೆ, ಮನೆಯ ಮುಂದಿನ ರಸ್ತೆಯಲ್ಲಿ ಬೆಟ್ಟ ನೋಡಲು ಹೋಗುವವರ ಕಾರುಗಳಿವೆ, ಶೆಡ್ಡಿನಲ್ಲಿ ನಿಮ್ಮ ಮೆಷೀನು ಗೋಣಿಚೀಲ ಹೊದ್ದು ಮಲಗಿದೆ. ಇನ್ನೇನು ಬೇಕು?

ಬೇಕಾದದ್ದು ಕೈ! ನೀವು ಗೇಟು ಕಟ್ಟುತ್ತಿದ್ದ ಕಾಲದಲ್ಲಿ ನನಗೆ ಬಿಟ್ಟದ್ದು ಒಂದೇ ಕೆಲಸ, ಬೆಸುಗೆಯ ಮೇಲೆ ಕಟ್ಟುವ ಕಪ್ಪು ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುವುದು. "ರಾಡ್ ಹಿಡಿಯೋದು ನಂದು, ಕಿಟ್ಟ ಕುಟ್ಟೋದು ನಿಂದು" ಎನ್ನುತ್ತಿದ್ದಿರಿ. ಒಂದೇ ಒಂದು ಮಧ್ಯಾಹ್ನ ರಾಡು ಕೈಗೆ ಕೊಟ್ಟು, ನಾನು ಎಳೆದ ಗೆರೆ ನೋಡಿ ಕೋಳಿ ಕೆದರಿದ ಹಾಗಿದೆ ಎಂದು ನಕ್ಕಿರಿ. ಆದರೆ ಅಷ್ಟು ವರ್ಷ ಕಿಟ್ಟ ಕುಟ್ಟಿದವಳಿಗೆ ಒಳ್ಳೆಯ ಬೆಸುಗೆ ಯಾವುದು, ಮೇಲೆ ಮೇಲೆ ಕೂತ ಬೆಸುಗೆ ಯಾವುದು ಎಂದು ತಿಳಿಯದೇ ಇರುತ್ತದೆಯೇ? ಕಡೂರಿಗೆ ಹೋಗಿ ಗುಜರಿ ಅಂಗಡಿಯ ಮುದ್ದಪ್ಪನವರಲ್ಲಿ ಚೌಕದ ಪೈಪು, ಮೂರು ಎಂಎಂ ತಗಡು, ಸ್ಕೂಟರಿನ ಎರಡು ಚಕ್ರ ತಂದೆ. ನೀವು ಬಂದಿದ್ದೀರಾ ಎಂದು ಅವರು ಕೇಳಿದರು. ಬರುತ್ತಾರೆ ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೂ ಗೊತ್ತಿರಲಿಲ್ಲ.

ಮೊದಲನೆಯ ಚೌಕಟ್ಟು ಮೂರೇ ಕಾಲಿನ ಮೇಲೆ ನಿಂತಿತು. ನೆಲ ಸಮ ಇಲ್ಲ ಎಂದು ನಾನು ಅಂಗಳದ ಮೂಲೆ ಮೂಲೆಗೆ ಎಳೆದಾಡುತ್ತಿದ್ದರೆ ಅತ್ತೆ ಜಗಲಿಯಿಂದಲೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಸಿಟ್ಟು ಬಂತು, ಆದರೆ ಆ ಸಿಟ್ಟಿನಲ್ಲೇ ಹೊಳೆಯಿತು. ಒಂದು ಮೂಲೆಯನ್ನು ಪೂರ್ತಿ ಬೆಸೆದು ಆಮೇಲೆ ಇನ್ನೊಂದಕ್ಕೆ ಹೋಗಿದ್ದೆ. ಕಾವಿಗೆ ಕಬ್ಬಿಣ ಎಳೆದುಕೊಂಡಿತ್ತು. ಕಚ್ಚಾ ಹೊಲಿಗೆ ಹಾಕದೆ ತೋಳು ಹೊಲಿದರೆ ಬ್ಲೌಸು ಎಳೆಯುವುದಿಲ್ಲವೇ, ಹಾಗೆ. ಎಲ್ಲ ಬಿಚ್ಚಿ, ನಾಲ್ಕು ಮೂಲೆಗೂ ಮೊದಲು ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ ಹೊಲಿಯುತ್ತಾ ಬಂದೆ. ಹೊಲಿಯುತ್ತಾ ಎಂದೇ ಬರೆಯುತ್ತೇನೆ, ನಗಬೇಡಿ. ಕರೆಂಟು ಏರಿಸಿ ಇಳಿಸುವುದೂ ದಾರದ ಬಿಗಿ ನೋಡಿದ ಹಾಗೆಯೇ. ಹೆಚ್ಚಾಗಿ ಪೈಪಿನಲ್ಲಿ ಎಷ್ಟು ತೂತು ಬಿದ್ದವೋ ಲೆಕ್ಕವಿಲ್ಲ. ಮುಖಕ್ಕೆ ಕಪ್ಪು ಗಾಜು ಹಿಡಿಯದೆ ಬೆಸುಗೆ ನೋಡಿದ ತಪ್ಪಿಗೆ ಒಂದು ದಿನ ಕಣ್ಣಿಗೆ ಮರಳು ಬಿದ್ದ ಹಾಗಾಗಿ ಮಲಗಿದೆ. ಬೈದುಕೊಂಡೇ ಸೌತೆಕಾಯಿ ಹೋಳು ಇಟ್ಟವರು ಅದೇ ಅತ್ತೆ.

ಮಾವ ಮಾತ್ರ ಮೂರು ವಾರ ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆ ಕಿಡಿ ಹಾರಿಸುವುದನ್ನು ಊರವರು ಬಂದು ಇಣುಕುವುದು ಅವರಿಗೆ ಇಷ್ಟವಿರಲಿಲ್ಲ. ಗಾಡಿಗೆ ಚಕ್ರ ಕೂರಿಸಿ, ತಗಡಿನಲ್ಲಿ ಮಾಡಿದ ಕೆಂಡದ ಪೆಟ್ಟಿಗೆ ಇಟ್ಟು ಹಿಡಿಕೆ ಹಿಡಿದು ಎಳೆದೆ ನೋಡಿ, ಗಾಡಿ ಹಿಂದಕ್ಕೆ ಮಗುಚಿ, ಹಿಡಿಕೆ ನನ್ನ ಗಲ್ಲಕ್ಕೆ ಬಡಿಯಿತು. ಅಳು ಬರುವುದರಲ್ಲಿತ್ತು. ಆಗ ಮಾವ ಎದ್ದು ಬಂದರು. ಪಂಚೆ ಎತ್ತಿ ಕಟ್ಟಿ, ಗಾಡಿಯ ಕೆಳಗೆ ಬಗ್ಗಿ ನೋಡಿ, "ಅಚ್ಚು ನಟ್ಟ ನಡುವೆ ಇಟ್ರೆ ಗಾಡಿ ಯಾರ್ ಮಾತೂ ಕೇಳಲ್ಲ ಕಣವ್ವ. ಮೂಕಿ ಕಡೀಗೆ ಒಂದ್ ಹಿಡಿ ಭಾರ ಜಾಸ್ತಿ ಇರ್ಬೇಕು" ಎಂದರು. ಎತ್ತು ಮಾರಿ ಹನ್ನೊಂದು ವರ್ಷವಾಯಿತು, ಅವರ ಅಂಗೈಗೆ ನೊಗದ ಭಾರ ಇನ್ನೂ ನೆನಪಿದೆ. ಹಿಡಿಕೆಯ ಕಡೆ ಭಾರ ಬರುವಂತೆ ಚಕ್ರದ ಅಚ್ಚನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಬೆಸೆದೆ. ಈಗ ನಿಶ್ಚಿತಾ ಕೂಡ ಒಂದೇ ಕೈಯಲ್ಲಿ ಹಿಡಿಕೆ ಎತ್ತಿ ಹಿಡಿಯುತ್ತಾಳೆ.

ಇನ್ನು ನಿನ್ನೆಯ ಕಥೆ. ಬೆಳಿಗ್ಗೆ ಅಂಗಳದಲ್ಲಿ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ ಕೆಂಡ ಮಾಡಿಕೊಂಡೆ. ತೆನೆ ಇಡಬೇಕು, ಅತ್ತೆ ಕೈ ಹಿಡಿದರು. ಹೊಸ ಒಲೆಯ ಮೇಲೆ ಮೊದಲು ಹಾಲು ಉಕ್ಕಬೇಕಂತೆ. ಸರಿ ಎಂದು ಪಾತ್ರೆ ಇಟ್ಟೆವು. ಎಲ್ಲರೂ ಕೈ ಮುಗಿದು ನಿಂತಿದ್ದೇವೆ, ಹಾಲು ಉಕ್ಕಿತು, ಮೂಡಣಕ್ಕೇ ಉಕ್ಕಿತು. ಆದರೆ ಇದು ಮಣ್ಣಿನ ಒಲೆಯೇ, ಪಕ್ಕಕ್ಕೆ ಹರಿದು ಹೋಗಲು? ಸರಳುಗಳ ಸಂದಿಯಿಂದ ನೇರ ಕೆಂಡದ ಮೇಲೆ ಇಳಿದು ಬುಸ್ ಎಂದು ಬೂದಿ ಎದ್ದು, ಅಷ್ಟೂ ಉರಿ ಆರಿಹೋಯಿತು. ಅಂಗಳವೆಲ್ಲ ಸೀದ ಹಾಲಿನ ವಾಸನೆ. ಮೊದಲ ಉರಿಯೇ ಆರಿತಲ್ಲ ಎಂದು ಅತ್ತೆಯ ಮುಖ ಬಾಡಿತು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಯಿತು. ಗಾಡಿಗಾಗಿ ಅಲ್ಲ. ನೀವು ಸಹಿ ಹಾಕಿಬಿಟ್ಟಿರಿ ಎಂದೇ ಅನ್ನಿಸಿತು.

ಮತ್ತೆ ಮಾವನೇ ಬಂದು ಕಡ್ಡಿಯಿಂದ ಬೂದಿ ಕೆದಕಿದರು. ಹಾಲು ಪೆಟ್ಟಿಗೆಯ ತಳದಲ್ಲಿ ಕೆರೆಯ ಹಾಗೆ ನಿಂತಿತ್ತು. ಇಷ್ಟು ಹಾಲು ಹೊರಗೆ ಹೋಗಲು ದಾರಿ ಇಲ್ಲವೆಂದರೆ ಗಾಳಿ ಒಳಗೆ ಬರುವುದು ಎಲ್ಲಿಂದ ಎಂದು ಕೇಳಿದರು. ಗಾಳಿಗೆಂದು ತೂತುಗಳನ್ನು ನಾನು ಮೇಲಿನ ಅಂಚಿನಲ್ಲಿ ಬಿಟ್ಟಿದ್ದೆ! ಬೆಳಿಗ್ಗೆಯಿಂದ ಬೀಸುವುದು ನಿಲ್ಲಿಸಿದರೆ ಕೆಂಡ ಮಂಕಾಗುತ್ತಿದ್ದದ್ದು ಅದಕ್ಕೇ. ತೂತು ಮಾಡುವುದರಲ್ಲಿ ನಾನು ಆಗಲೇ ಪಳಗಿದವಳಲ್ಲವೇ, ಪೆಟ್ಟಿಗೆ ಬರಿದು ಮಾಡಿ, ಕರೆಂಟು ಏರಿಸಿ, ರಾಡು ಚುಚ್ಚಿ ಚುಚ್ಚಿ ತಳದಲ್ಲಿ ಎರಡು ಸಾಲು ತೂತು ಹೊಡೆದೆ. ಮತ್ತೆ ಕೆಂಡ ಹಾಕಿದಾಗ ಬೀಸದೆಯೇ ಹೇಗೆ ನಿಗಿನಿಗಿ ಎಂದಿತು ಗೊತ್ತೇ? ಹಾಲು ಸುಳ್ಳು ಹೇಳುವುದಿಲ್ಲ, ಅದೇ ದಾರಿ ತೋರಿಸಿತು ಎಂದು ಅತ್ತೆ ಈಗ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಮಧ್ಯಾಹ್ನ ಮೂರಕ್ಕೆ ಹುಣಸೆಮರದ ಕೆಳಗೆ ನಿಂತೆವು. ಹಬ್ಬಕ್ಕೆ ಅಜ್ಜಂಪುರದಿಂದ ಬಂದಿದ್ದ ನನ್ನ ತಂಗಿ ಬೃಂದಾ ಅರೆದಿಟ್ಟು ಹೋಗಿದ್ದ ಉಪ್ಪುಕಾರ, ನಿಂಬೆಹೋಳು, ಬೆಣ್ಣೆ. ಮೊದಲ ಅರ್ಧ ಗಂಟೆ ಒಬ್ಬರೂ ನಿಲ್ಲಲಿಲ್ಲ. ಆಮೇಲೆ ಒಂದು ಕಾರು, ಅದನ್ನು ನೋಡಿ ಇನ್ನೊಂದು, ಅಷ್ಟೇ. ಕತ್ತಲಾಗುವ ಮೊದಲೇ ತೆನೆಯೂ ಖಾಲಿ, ಗೆಣಸೂ ಖಾಲಿ. ಬಂದವರ ನಡುವೆ ತರೀಕೆರೆಯ ರಾಜಶೇಖರ್ ಎಂಬವರು, ತೆನೆ ಅರ್ಧ ತಿಂದವರು ಅದನ್ನು ಹೆಂಡತಿಯ ಕೈಗೆ ಕೊಟ್ಟು, ಗಾಡಿಯ ಕೆಳಗೆ ತಲೆ ತೂರಿಸಿ ಬೆಸುಗೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದರು. ಇದನ್ನು ಕಟ್ಟಿದವರು ಯಾರು ಎಂದರು. ನಿಮ್ಮ ಹೆಸರು ಬಾಯಿಗೆ ಬಂದಿತ್ತು. "ನಾನೇ ಕಟ್ಟಿದ್ದು ಕಣ್ರೀ" ಎಂದೆ. ಅವರು ಎರಡು ಸಲ ನನ್ನ ಮುಖ ನೋಡಿ ಫೋನ್ ನಂಬರು ಬರೆದುಕೊಂಡು ಹೋದರು.

ನೀವಿಲ್ಲದ ಮನೆಯಲ್ಲಿ ಇಷ್ಟು ಖುಷಿಯಾಗಿ ಮಾತಾಡುವುದಕ್ಕೆ ಒಂದು ಥರ ನಾಚಿಕೆ. ಮಾವ ತೆನೆ ಸುಲಿಯುತ್ತಾ ನಾಲ್ಕು ಸಲ ನಿಮ್ಮ ಹೆಸರು ಹೇಳಿದರು, ಲೆಕ್ಕ ಇಟ್ಟಿದ್ದೇನೆ. ನನಗೆ ನೀವು ಬೇಕು. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಕಾಗದದಲ್ಲಿ ಬರೆದುಬಿಟ್ಟೆ.

ಮಾವ, ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಹಲ್ಲಿಲ್ಲದವಳು ಮುತ್ತು ಕಳಿಸಿದ್ದಾಳೆ. ಕಾಲು ಜೋಪಾನ.

ಇಂತಿ ನಿಮ್ಮ,
ನಯನ

ಇನ್ನೊಂದು ಮಾತು: ಕವರು ಅಂಟಿಸುವಷ್ಟರಲ್ಲಿ ಆ ರಾಜಶೇಖರ್ ಅವರ ಫೋನು ಬಂತು. ದೀಪಾವಳಿಯೊಳಗೆ ಇಂಥದೇ ಎರಡು ಗಾಡಿ ಬೇಕಂತೆ, ಒಂದು ತರೀಕೆರೆಗೆ, ಒಂದು ಅವರ ಅಳಿಯನಿಗೆ. ಹ್ಞೂಂ ಎಂದುಬಿಟ್ಟೆ. ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಊರಿಗೆ ಬಂದು ಏನು ಮಾಡಲಿ ಎಂದು ಕೇಳಿದ್ದಿರಲ್ಲ, ಆವತ್ತು ಸುಮ್ಮನಿದ್ದದ್ದಕ್ಕೆ ಇವತ್ತು ಉತ್ತರ ಕೊಡುತ್ತಿದ್ದೇನೆ. ಆ ಕಂಪನಿ ಕಾಗದಕ್ಕೆ ಸಹಿ ಹಾಕಬೇಡಿ, ಬನ್ನಿ. ರಾಡು ಹಿಡಿಯಲು ನಾನಿದ್ದೇನೆ. ಕಿಟ್ಟ ಕುಟ್ಟಲು ಒಬ್ಬರು ಬೇಕಾಗಿದ್ದಾರೆ.