ನಾಲ್ಕನೆಯ ಅಧ್ಯಾಯದ ವಿಷಯ

ಅದಿನಾಕೊಪೆ
14 ಸೆಪ್ಟೆಂಬರ್ 1997

ನನ್ನ ಅಕ್ಕನ ಮಗಳು ಪ್ರೊಫೆಸರ್ ಎನ್ಯೊನಾಮ್‌ಗೆ ಸೋದರಮಾವ ದೊತ್ಸೆಯ ಹಾರೈಕೆಗಳು.

ಬೆಳಗಾಯಿತೇ ಮಗಳೇ? ಮನೆ ಎದ್ದಿತೇ? ಮಕ್ಕಳು ಎದ್ದರೇ? ನಿನ್ನ ಗಂಡ ಎದ್ದನೇ, ಅವನ ಮೊಣಕಾಲು ಅವನ ಜೊತೆಗೇ ಎದ್ದಿತೇ? ಇಲ್ಲಿ ಎಲ್ಲರೂ ಎದ್ದಿದ್ದೇವೆ. ಕಡಲ ಪಕ್ಕದ ಲಗೂನಿನ ನೀರು ಈ ವರ್ಷ ಇಳಿದಿಲ್ಲ, ಉಪ್ಪು ಕಮ್ಮಿ, ಮೀನು ಜಾಸ್ತಿ. ನನ್ನ ಈರುಳ್ಳಿ ಮಡಿಗಳನ್ನು ನೋಡಲು ಅನ್ಲೊಗಾದಿಂದ ಜನ ಬರುತ್ತಿದ್ದಾರೆ. ಬರುವುದು ತಮ್ಮ ದಾರಿ ಹಿಡಿದು ಸಂತೆಗೆ ಹೋಗುವುದಕ್ಕೆ ಎಂದು ನಿನ್ನ ಅತ್ತೆ ಹೇಳುತ್ತಾಳೆ. ಅವಳ ಮಾತು ಕಟ್ಟಿಕೊಳ್ಳಬೇಡ.

ನಿನ್ನ ಕಟ್ಟು ಬಂದು ಏಳು ವಾರವಾಯಿತು, ಉತ್ತರ ತಡವಾಯಿತು, ಕ್ಷಮಿಸು. ಮೊದಲನೆಯ ಕಾರಣ ಈರುಳ್ಳಿ ಕೀಳುವ ಕಾಲ. ಎರಡನೆಯದು, ನನ್ನ ಕನ್ನಡಕವನ್ನು ಮೇಕೆ ತುಳಿಯಿತು. ಮೂರನೆಯ ಕಾರಣ ದೊಡ್ಡದು. ಅದನ್ನು ಹೇಳುವುದಕ್ಕೇ ಈ ಪತ್ರ, ಆದರೆ ಹೇಳುವ ಮೊದಲು ಸ್ವಲ್ಪ ನನ್ನ ಹೊಗಳಿಕೆ ಮುಗಿಸಿಕೊಳ್ಳುತ್ತೇನೆ. ಆಮೇಲೆ ಅವಕಾಶ ಸಿಗುವುದಿಲ್ಲ.

ಕಟ್ಟು ಬಿಚ್ಚಿದಾಗ ಅಚ್ಚಿಗೆ ಹೋಗಲಿರುವ ಹಾಳೆಗಳ ಮೇಲೆ ನನ್ನದೇ ಮುಖ. ಹೊಸ ಟೋಪಿ, ಕೈಯಲ್ಲಿ ಕುದುರೆ ಬಾಲದ ಚಾಮರ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಅದಿನಾಕೊಪೆಯ ದೊತ್ಸೆ: ಒಬ್ಬ ಬೈಗುಳ ಕವಿಯ ಅರವತ್ತೊಂದು ಹಾಡುಗಳು’. ಆ ಹಾಳೆ ಹಿಡಿದು ಎರಡೂ ಕೇರಿ ಸುತ್ತಿದೆ. ಪಾದ್ರಿಗೆ ತೋರಿಸಿದೆ. ಕ್ಷೌರದವನು ಅದನ್ನು ಒಂದು ವಾರ ತನ್ನ ಕನ್ನಡಿಯ ಪಕ್ಕ ಸಿಕ್ಕಿಸಿಕೊಂಡಿದ್ದ. ನಿನ್ನ ಕೆಲಸ ಏನು ಎಂದು ಜನ ಕೇಳಿದರು. ಒಂದು ನಾಡಿನ ಹಾಡನ್ನು ಇನ್ನೊಂದು ನಾಡಿನ ಹಾಡಿನ ಪಕ್ಕ ಇಟ್ಟು ನೋಡುವುದು, ತೌಲನಿಕ ಸಾಹಿತ್ಯ ಅಂತ ಅದರ ಹೆಸರು ಎಂದೆ. “ಕೊನೆಗೆ ಯಾವ ಹಾಡು ಗೆಲ್ಲುತ್ತೆ?” ಎಂದ ಕ್ಷೌರದವನು. ಯಾವುದೂ ಗೆಲ್ಲುವುದಿಲ್ಲವಂತೆ ಎಂದೆ. “ಗೆಲ್ಲೋರೇ ಇಲ್ದಿದ್ಮೇಲೆ ಅವಳಿಗೆ ಸಂಬಳ ಯಾಕೆ ಕೊಡ್ತಾರೆ?” ಎಂದ. ಬೈಗುಳದ ಹಾಡುಗಳ ಊರಿನಲ್ಲಿ ಹುಟ್ಟಿದವರು ನಾವು, ಗೆದ್ದವರು ಯಾರೆಂದು ಕೇಳದೆ ಹಾಡು ಕೇಳಿ ಗೊತ್ತಿಲ್ಲ.

ನಿನಗೆ ಪ್ರೊಫೆಸರ್ ಪಟ್ಟ ಕಟ್ಟಿದ ದಿನ ಅಕ್ರಾದ ಆ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂತದ್ದು ನನಗೆ ಇಂದಿಗೂ ಹಬ್ಬ. ಮರಳುಗಾಡಿನಲ್ಲಿ ಒಂಟೆ ಕಾಯುವವರು ಹಾಡಿನಲ್ಲಿ ಜಗಳವಾಡುತ್ತಾರೆ ಎಂದೆ ನೀನು. ಹಿಮದ ದ್ವೀಪದಲ್ಲಿ ಸೀಲು ಬೇಟೆಯವರು ಡೋಲು ಹಿಡಿದು ಒಬ್ಬರನ್ನೊಬ್ಬರು ಬೈಯುತ್ತಾರೆ ಎಂದೆ. ಆಮೇಲೆ ಅದಿನಾಕೊಪೆ ಎಂದೆ. ಆ ಎರಡು ದೊಡ್ಡ ಹೆಸರುಗಳ ಪಕ್ಕದಲ್ಲಿ ನಮ್ಮ ಮರಳಿನ ಪಟ್ಟಿಯನ್ನು ಕೂರಿಸಿದೆ. ಅಲ್ಲಿಯವರೆಗೆ ನಮ್ಮ ಊರಿನ ಹೆಸರನ್ನು ಮೈಕಿನಲ್ಲಿ ಹೇಳಿದ್ದು ತೆರಿಗೆಯವರು ಮಾತ್ರ. ಮಿಶನ್ ಶಾಲೆಯ ಮೂರನೆಯ ತರಗತಿಯಿಂದ ಓಡಿಬಂದವನನ್ನು ನೀನು ಕೈ ತೋರಿಸಿ ಏಳಿಸಿದೆ, ಕರಿ ನಿಲುವಂಗಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಬಾಗಿದೆ. ಬೇಕಾದ್ದಕ್ಕಿಂತ ಒಂದು ಸಲ ಹೆಚ್ಚೇ ಬಾಗಿದೆ. ನಿನಗೆ ನಾನು ಎಷ್ಟು ಕೃತಜ್ಞನೋ ಅಷ್ಟನ್ನು ಬರೆಯಲು ಈ ಶಾಯಿ ಸಾಲದು. ಆ ಕೃತಜ್ಞತೆಯೇ ಏಳು ವಾರ ನನ್ನ ಕೈ ಕಟ್ಟಿಹಾಕಿತು.

ತಿಂಗಳ ಕೊನೆಯೊಳಗೆ ಹಾಳೆಗಳನ್ನು ಹಿಂದೆ ಕಳಿಸಬೇಕು, ತಿದ್ದುಪಡಿ ಇದ್ದರೆ ಹೇಳಬೇಕು, ಆಮೇಲೆ ಅಚ್ಚು ನಿಲ್ಲಿಸಲಾಗದು ಎಂದು ಬರೆದಿದ್ದೀಯ. ಒಂದು ತಿದ್ದುಪಡಿ ಇದೆ ತಾಯಿ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಓದು.

ಆ ಅರವತ್ತೊಂದು ಹಾಡುಗಳಲ್ಲಿ ನಾನು ಕಟ್ಟಿದ್ದು ಎರಡು. ಉಳಿದ ಐವತ್ತೊಂಬತ್ತು ನಿನ್ನ ಅಮ್ಮ ಅದ್ಜೊವಿಯವು. ನನ್ನವು ಯಾವುವು ಎಂದು ಹುಡುಕಬೇಡ, ನೀನೇ ಗುರುತಿಸಿದ್ದೀಯ. ‘ಇಲ್ಲಿ ಕವಿ ದಣಿದಂತಿದೆ’ ಎಂದು ಎರಡು ಕಡೆ ಬರೆದಿದ್ದೀಯಲ್ಲ, ಅವೇ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. 1957ರಲ್ಲಿ ದೋಣಿ ಕಟ್ಟುವ ಗೂಟದ ವಿಷಯಕ್ಕೆ ನಮ್ಮ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಜಗಳ ಹತ್ತಿತು, ಹಾಡಿನಲ್ಲೇ ತೀರಲಿ ಎಂದು ಹಿರಿಯರು ಹೇಳಿದರು. ನಿನಗೆ ಗೊತ್ತಿರುವ ಪದ್ಧತಿಯೇ: ಹಾಡು ಯಾರದೋ ಅವನ ಮೇಲೆ ಮಾತ್ರವಲ್ಲ, ಅವನ ಮನೆ, ಅಜ್ಜಿ, ಸತ್ತ ಅತ್ತೆ, ಎಲ್ಲರ ಮೇಲೂ ಎದುರು ಹಾಡು ಬರುತ್ತದೆ. ಆದ್ದರಿಂದ ಒಳ್ಳೆಯ ತಂಡ ಹಾಡು ಕಟ್ಟುವವರನ್ನು ಬಚ್ಚಿಟ್ಟು ಬೇರೊಬ್ಬನನ್ನು ಮುಂದೆ ನಿಲ್ಲಿಸುತ್ತದೆ. ಅವನನ್ನು ಬಾಯಿ ಎನ್ನುತ್ತಿದ್ದರು. ನಿನ್ನ ಪುಸ್ತಕದಲ್ಲಿ ಈ ಪದ್ಧತಿಗೆ ಎರಡು ಪುಟ ಕೊಟ್ಟಿದ್ದೀಯ. ನಿನ್ನ ಮನೆಯಲ್ಲೇ ಒಂದು ಬಾಯಿ ಇದ್ದದ್ದು ನಿನಗೆ ಹೊಳೆಯಲಿಲ್ಲ, ಅದು ನನ್ನ ಸಾಮರ್ಥ್ಯ ಎಂದುಕೊಳ್ಳಲೇ?

ಅದ್ಜೊವಿಯನ್ನು ಕೊಟ್ಟದ್ದು ಕೆಳಗಿನ ಕೇರಿಗೆ. ನಿನ್ನ ಅಪ್ಪ ಅಗ್ಬೆಕೊ ಒಳ್ಳೆಯವನು, ಆದರೆ ಅವನ ದೊಡ್ಡಪ್ಪ ಯಾರು? ಜಿಗಾ. ಎದುರು ತಂಡದ ಕವಿ. ಒಂದೇ ಅಂಗಳ, ಒಂದೇ ಬಾವಿ. ಜಿಗಾ ಏನು ತಿನ್ನುತ್ತಾನೆ, ಹೇಗೆ ಗೊರಕೆ ಹೊಡೆಯುತ್ತಾನೆ, ಎಲ್ಲ ಅವಳಿಗೆ ಗೊತ್ತು. ತವರಿಗೆ ಬಂದು ನನ್ನ ಜೊತೆ ಈರುಳ್ಳಿ ಆರಿಸುತ್ತ ಕೂತವಳು ತಲೆ ಎತ್ತದೆ ಗುನುಗಿದಳು:

ಜಿಗಾನ ಮೂಗು ಮೊದಲು ಬಂತು,
ಜಿಗಾ ಆಮೇಲೆ ಬಂದ,
ನಡುವೆ ನಾವು ಊಟ ಮುಗಿಸಿ ಕೈ ತೊಳೆದೆವು.

ನಾನು ನಕ್ಕು ನಕ್ಕು ಈರುಳ್ಳಿ ಬುಟ್ಟಿಯ ಮೇಲೆ ಬಿದ್ದೆ. ಇದನ್ನು ನೀನೇ ಕಟ್ಟಿದೆಯಾ ಎಂದೆ. ಸುಮ್ಮನಿರು, ಇನ್ನೂ ಇವೆ ಎಂದಳು. ಗೊತ್ತಾದರೆ ಅವಳನ್ನು ಮಗುವಿನ ಸಮೇತ ಹೊರಗೆ ಹಾಕುತ್ತಿದ್ದರು. ಆಗ ನಿನಗೆ ಐದು ವರ್ಷ. ಆದ್ದರಿಂದ ತಂಡದ ನಾಲ್ವರು ಮತ್ತು ನಾನು ಡೋಲಿನ ಮೇಲೆ ಕೈಯಿಟ್ಟು ಆಣೆ ಮಾಡಿದೆವು. ನನ್ನನ್ನೇ ಬಾಯಿ ಮಾಡಿದ್ದು ಯಾಕೆ ಎಂದು ಕೇಳಿದ್ದಕ್ಕೆ ನಿನ್ನ ಅಮ್ಮ ಹೇಳಿದಳು: “ನಿನ್ ಚರ್ಮ ದಪ್ಪ, ಒಳಗೆ ಖಾಲಿ. ಡೋಲಿಗೂ ಅಷ್ಟೇ ತಾನೆ ಬೇಕಾಗಿರೋದು.”

ಆ ಹಾಡು ಹಾಡಿದ ಸಂಜೆಯ ಮೇಲೆ ಕೆಳಗಿನ ಕೇರಿಯವರು ಮೂರು ದಿನ ಬಾವಿಗೆ ಬರಲಿಲ್ಲ. ಅವರ ಉತ್ತರ ನನ್ನ ಮೇಲೆ ಬಂತು. ನನ್ನ ಬಿಲ್ಲಿನಂಥ ಕಾಲುಗಳ ಮೇಲೆ ಒಂದು ವರ್ಷ ಹಾಡಿದರು. ಆ ಕಾಲುಗಳ ನಡುವೆ ಹಂದಿ ಓಡಿಹೋಯಿತಂತೆ, ಹಂದಿಯ ಹಿಂದೆ ಅಟ್ಟಿಸಿಕೊಂಡು ಬಂದ ಮದುವೆ ದಿಬ್ಬಣವೂ ಹೋಯಿತಂತೆ. ಅದರಿಂದ ನನಗೆ ಲಾಭವೇ ಆಯಿತು. ಆಮೇಲೆ ಯಾವ ಹೆಣ್ಣಿಗೂ ನನ್ನ ಬಗ್ಗೆ ಹೊಸದಾಗಿ ಏನೂ ಹೇಳಲಾಗಲಿಲ್ಲ, ನಿನ್ನ ಅತ್ತೆಯನ್ನು ಬಿಟ್ಟರೆ.

ಸರ್ಕಾರ ಆ ಹಾಡುಗಳನ್ನು ನಿಲ್ಲಿಸಿತು. ಜಿಗಾ ಹೋದ. 1969ರಲ್ಲಿ ನಿನ್ನ ಅಪ್ಪನೂ ಹೋದ. ಹೆದರಬೇಕಾದವರು ಯಾರೂ ಉಳಿಯಲಿಲ್ಲ. 1976ರಲ್ಲಿ ನೀನು ಬಂದೆ, ಭುಜದ ಮೇಲೆ ಧ್ವನಿ ಹಿಡಿಯುವ ಯಂತ್ರ, ಅಕ್ರಾದ ಚಪ್ಪಲಿ. ಅಂಗಳದಲ್ಲಿ ನನ್ನನ್ನು ಕೂರಿಸಿ, ಗುಂಡಿ ಒತ್ತಿ, “ಮಾವ, ಈ ಹಾಡು ಯಾರದು?” ಎಂದು ಕೇಳಿದೆ.

ಆಣೆ ಇತ್ತು ಎಂದು ನಾನು ಈಗ ಹೇಳಬಹುದು. ಸುಳ್ಳೂ ಅಲ್ಲ. ಆದರೆ ನಿಜ ಹೇಳಬೇಕೆಂದರೆ, ಆ ಯಂತ್ರದಲ್ಲಿ ಒಂದು ಪುಟ್ಟ ಕೆಂಪು ದೀಪ ಹತ್ತಿತು. ಜೀವಮಾನದಲ್ಲಿ ನನಗಾಗಿ ಹತ್ತಿದ ಮೊದಲ ದೀಪ ಅದು. “ನನ್ದು” ಅಂದುಬಿಟ್ಟೆ.

ನಿನ್ನ ಅಮ್ಮ ಅಲ್ಲೇ ಅಡುಗೆ ಗುಡಿಸಿಲಿನಲ್ಲಿ ಮಣ್ಣಿನ ಬಟ್ಟಲಲ್ಲಿ ಮೆಣಸಿನಕಾಯಿ ಅರೆಯುತ್ತಿದ್ದಳು. ಮಧ್ಯಾಹ್ನ ಅಕ್ಪ್ಲೆ ಮುದ್ದೆಗೆ ಬೆಂಡೆಕಾಯಿ ಸಾರು ಬಡಿಸುವಾಗ ನನ್ನ ತಟ್ಟೆಗೆ ಮಾತ್ರ ಮೀನಿನ ತಲೆ ಹಾಕಿದಳು. ನೀನು ಕೈ ತೊಳೆಯಲು ಹೋದಾಗ ಮೆಲ್ಲಗೆ, “ತಿನ್ನಪ್ಪ ಕವಿ. ತಲೆ ಬೇಕಾಗುತ್ತೆ ನಿಂಗೆ” ಎಂದಳು. ಅಷ್ಟೇ. ಜಗಳವಿಲ್ಲ. ಮಗಳು ಓದಿ ಮುಗಿಸಲಿ, ಯಾರ ಹೆಸರಾದರೇನು, ಒಂದೇ ಮನೆಯದಲ್ಲವೇ ಎಂದಳು. ನಾನು ಆ ಮಾತನ್ನು ಹಿಡಿದುಕೊಂಡು ಇಪ್ಪತ್ತು ವರ್ಷ ಬದುಕಿದೆ.

ಈಗ ನಿನ್ನ ನಾಲ್ಕನೆಯ ಅಧ್ಯಾಯ. ಹಳೆಯ ಪುಸ್ತಕದಲ್ಲೂ ಇದ್ದು ನಿನಗೆ ಹೆಸರು ತಂದದ್ದು ಅದೇ ಎಂದು ನನಗೆ ಗೊತ್ತು. ಬೇರೆ ದೇಶಗಳ ಪಂಡಿತರು ಅದರ ಮೇಲೆ ವಾದ ಮಾಡುತ್ತಾರೆ ಎಂದು ನೀನೇ ಹೇಳಿದ್ದೆ. ಕವಿ ಹಾಡುತ್ತ ಹಾಡುತ್ತ ತಟ್ಟನೆ ನಿಲ್ಲುತ್ತಾನೆ, ಮೂರು ಉಸಿರು ಸುಮ್ಮನಿದ್ದು ಅದೇ ಸಾಲನ್ನು ಇನ್ನೂ ಚೆನ್ನಾಗಿ ಹೇಳುತ್ತಾನೆ, ಬರೆಯದ ಕವಿ ತನ್ನ ಹಾಡನ್ನು ತಿದ್ದುವುದು ಆ ಮೌನದಲ್ಲಿ ಎಂದು ಬರೆದಿದ್ದೀಯ. ಅಂಥ ನಲವತ್ತು ಮೌನಗಳನ್ನು ಎಣಿಸಿ, ಒಂಟೆಯವರ ಮೌನಗಳ ಪಕ್ಕ ಇಟ್ಟು ತೋರಿಸಿದ್ದೀಯ. ಓದಿ ನನಗೇ ನನ್ನ ಮೇಲೆ ಗೌರವ ಬಂತು. ಆದರೆ ಮಗಳೇ, ಆ ಹಳೆಯ ಸುರುಳಿಗಳನ್ನು ಇನ್ನೊಮ್ಮೆ ಹಾಕಿಕೊಂಡು ಕೇಳು. ನನ್ನ ಧ್ವನಿಯ ಹಿಂದೆ ಗರಗರ ಎಂದು ಅರೆಯುವ ಸದ್ದು ಬರುತ್ತದೆ. ನಾನು ಸಾಲು ತಪ್ಪಿದ ಕೂಡಲೇ ಆ ಸದ್ದು ನಿಲ್ಲುತ್ತದೆ. ಸದ್ದು ನಿಂತಿತೆಂದರೆ ನನಗೆ ಬೆವರು. ನೆನಪು ಮಾಡಿಕೊಂಡು ಸರಿಯಾಗಿ ಹೇಳಿದ ಮೇಲೆ ಮತ್ತೆ ಗರಗರ. ನಲವತ್ತು ಸಲವೂ ಹಾಗೆಯೇ.

ಎದೆ ಒಡೆದುಕೊಳ್ಳಬೇಡ. ನಿನ್ನ ಲೆಕ್ಕ ತಪ್ಪಿಲ್ಲ, ಕವಿ ಕೂತ ಜಾಗ ಮಾತ್ರ ತಪ್ಪಿದೆ. ತಿದ್ದಿದ್ದು ನಿಜ, ಮೌನದಲ್ಲೇ ತಿದ್ದಿದ್ದು ನಿಜ, ತಿದ್ದಿದವಳು ಒಲೆಯ ಪಕ್ಕ ಇದ್ದಳು. ಮೂರನೆಯ ತರಗತಿಯವನ ಬುದ್ಧಿಗೆ ಇದು ಇನ್ನೂ ಒಳ್ಳೆಯ ಅಧ್ಯಾಯ ಆಗುತ್ತದೆ ಎಂದು ತೋರುತ್ತದೆ. ನಿನ್ನ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ನಿನ್ನ ತಪ್ಪಿಗೆ ಕಾಯುತ್ತಿರುವ ಆ ದಪ್ಪ ಕನ್ನಡಕದವನು ಕುಣಿಯುತ್ತಾನೆ, ಗೊತ್ತು. ಹೆಸರಾಂತ ಪ್ರೊಫೆಸರಿಗೆ ಸ್ವಂತ ತಾಯಿಯ ಹಾಡು ತಿಳಿಯಲಿಲ್ಲ ಎನ್ನುತ್ತಾನೆ. ಅನ್ನಲಿ. ಬೈಗುಳ ಬಂದರೆ ನನ್ನ ಕಡೆ ತಿರುಗಿಸು, ಮಾವ ಸುಳ್ಳು ಹೇಳಿದ ಎಂದು ಹೆಸರು ಹಾಕಿಯೇ ಬರೆ. ಆ ಕೆಲಸದಲ್ಲಿ ನನಗೆ ಹಳೆಯ ಅನುಭವವಿದೆ.

ಆದ್ದರಿಂದ ತಿದ್ದುಪಡಿ ಇದು. ಹೆಸರು ಅದ್ಜೊವಿಯದು ಹಾಕು. ಚಿತ್ರವೂ ಅವಳದೇ. ಇರುವುದು ಒಂದೇ, ಚರ್ಚಿನ ಹೆಂಗಸರ ಗುಂಪಿನದು, ಅವಳ ಅರ್ಧ ಮುಖ ಮುಂದಿನವಳ ತಲೆವಸ್ತ್ರದ ಹಿಂದೆ ಇದೆ; ಇದರ ಜೊತೆ ಕಳಿಸುತ್ತಿದ್ದೇನೆ. ನನ್ನ ಚಿತ್ರವನ್ನು ಪೂರ್ತಿ ತೆಗೆಯಬೇಡ. ಹಿಂದಿನ ರಟ್ಟಿನ ಮೇಲೆ, ಚಿಕ್ಕದಾಗಿ, ‘ಬಾಯಿ: ದೊತ್ಸೆ’ ಎಂದು ಹಾಕಿದರೆ ಸಾಕು. ಟೋಪಿ ಕಾಣುವಷ್ಟು ಚಿಕ್ಕದು.

ಆಣೆಯ ಚಿಂತೆ ನಿನಗೆ ಬೇಡ. ಐವರಲ್ಲಿ ಉಳಿದವನು ನಾನೊಬ್ಬನೇ. ಕಳೆದ ಶನಿವಾರ ಡೋಲಿನ ಮುಂದೆ ಸಾರಾಯಿ ಹೊಯ್ದು ಆ ನಾಲ್ವರನ್ನೂ ಹೆಸರು ಹಿಡಿದು ಕೇಳಿದೆ. ಬೇಡ ಎನ್ನುವವರಾಗಿದ್ದರೆ ಬಾಟಲಿ ಬೀಳಿಸುತ್ತಿದ್ದರು. ಬೀಳಲಿಲ್ಲ. ಉಳಿದದ್ದನ್ನು ಅವರ ಪರವಾಗಿ ನಾನು ಕುಡಿದೆ.

ನೀನು ನಮ್ಮ ಊರಿನ ಮಾತನ್ನು ಲೋಕದ ಎದುರು ಕೂರಿಸಿದೆ. ನಿನ್ನ ನಾಲಿಗೆ ಒಣಗದಿರಲಿ. ನಿನ್ನ ಶಿಷ್ಯರು ನಿನ್ನನ್ನು ಮೀರಿಸಲಿ, ಮೀರಿಸಿದ ಮೇಲೂ ಮೊದಲು ನಿನಗೇ ನಮಸ್ಕಾರ ಹೇಳಲಿ. ನಿನ್ನ ಮನೆಯ ಬಾಗಿಲಿಗೆ ಬರುವ ಕಾಲುಗಳು ಒಳ್ಳೆಯವಾಗಿರಲಿ, ಬಿಲ್ಲಿನಂತಿದ್ದರೂ ಸರಿ.

ನಿನ್ನ ಸೋದರಮಾವ,
ದೊತ್ಸೆ

ತಾ.ಕ.: ಇಷ್ಟು ಬರೆದ ಮೇಲೂ ನಿಜವಾದ ಮಾತು ಉಳಿದೇ ಇದೆ. ಮೂರು ವರ್ಷದ ಹಿಂದೆ ನಿನ್ನ ಅಮ್ಮ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ನೀನು ಬಂದು ನಿನ್ನ ಹಳೆಯ ಪುಸ್ತಕದಿಂದ ಅವಳಿಗೆ ಓದಿ ಹೇಳಿದೆ. “ಹಾಡು ಯಾರದು ಅಂತ ಬರ್ದಿದೀಯಾ?” ಎಂದು ಅವಳು ಕೇಳಿದಳು. “ಪ್ರತಿ ಪುಟದಲ್ಲೂ ಇದೆಯಮ್ಮ, ಮಾವನ ಹೆಸರು” ಎಂದೆ ನೀನು. ಅವಳು ನನ್ನ ಕಡೆ ನೋಡಿದಳು. ನಾನು ಅವಳ ಮುಖದ ಮೇಲಿನ ನೊಣ ಓಡಿಸುತ್ತ ಕೂತೆ. “ಸರಿ ಬಿಡು” ಎಂದಳು. ಮರುದಿನ ನೀನು ಅಕ್ರಾಕ್ಕೆ ಹೊರಟ ಮೇಲೆ ನನ್ನನ್ನು ಹತ್ತಿರ ಕರೆದು ಒಂದು ಹಾಡು ಹೇಳಿಕೊಟ್ಟಳು. “ಅವಳಿಗೆ ಹಾಡು. ಯಾರದು ಅಂತ ಕೇಳ್ತಾಳೆ. ಈ ಸಲ ಸರಿಯಾಗಿ ಹೇಳು” ಎಂದಳು. ನೀನು ಕೇಳುತ್ತೀಯ ಎಂಬ ಹೆದರಿಕೆಗೆ ಅವಳ ಅಂತ್ಯಕ್ರಿಯೆಯಲ್ಲಿ ಹಾಡಲಿಲ್ಲ, ಆಮೇಲೂ ಹಾಡಲಿಲ್ಲ. ಧ್ವನಿ ಹಿಡಿದ ಕೊನೆಯ ದಿನ ಅಡುಗೆ ಗುಡಿಸಿಲಿನಿಂದ ಹೊಗೆ ಬರುತ್ತಿದೆ ಎಂದು ಬಾಗಿಲು ಹಾಕಿದೆಯಲ್ಲ, ಅದರ ಮೇಲೆ ಕಟ್ಟಿದ್ದಾಳೆ. ನೀನು ಮರೆತಿರುತ್ತೀಯ. ಇದು ನಿನ್ನ ಅಮ್ಮನದು:

ಏಳು ನಾಡಿನ ಹಾಡು ತೂಗುವವಳೇ, ಉದ್ದ ಕತ್ತಿನ ಕೊಕ್ಕರೆಯೇ,
ದೂರದ ನೀರೆಲ್ಲ ನೋಡಿದೆ, ಕಾಲಡಿಯ ಮೀನು ನೋಡಲಿಲ್ಲ.
ಒಲೆಯ ಮುಂದೆ ಒಬ್ಬಳು ಗುನುಗುತ್ತಿದ್ದಳು,
ಹೊಗೆಯೆಂದು ಬಾಗಿಲು ಹಾಕಿದೆ.
ಹಾಕಿದರೇನು, ನಿನ್ನ ಬಟ್ಟೆಗೆ ಹತ್ತಿತ್ತಲ್ಲ,
ಊರೂರು ತಿರುಗಿದೆಯಲ್ಲ ಆ ಹೊಗೆಯನ್ನೇ ಹೊತ್ತು.