ಗಡಿಯಾಚೆಯ ಹದಿಮೂರರ ಮಗ್ಗಿ

ರ್ಯಾಂಚೊ ಬರ್ನಾರ್ಡೊ, ಸ್ಯಾನ್ ಡಿಯಾಗೊ
ಮಂಗಳವಾರ, 12 ಮಾರ್ಚ್ 2024

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸರಿಯಾಗಿ ಊಟ ಮಾಡ್ತಿದ್ದೀಯಾ? ಹ್ಯಾಮಿಲ್ಟನ್‌ನಲ್ಲಿ ಇನ್ನೂ ಹಿಮ ಬೀಳ್ತಿದೆಯಾ? ಎಡಗೈ ಮಣಿಕಟ್ಟಿನ ನೋವು ಹೇಗಿದೆ, ಬಿಸಿನೀರಿನ ಶಾಖ ಕೊಡ್ತಿದ್ದೀಯಾ ಇಲ್ವಾ? ಹನ್ನೊಂದು ದಿನ ಆಯ್ತು ನೀನು ಫೋನ್ ಎತ್ತಿ. ವಾಟ್ಸ್ಯಾಪಲ್ಲಿ ಒಂದೇ ಟಿಕ್. ಅಮ್ಮ ದಿನಾ ಕೇಳ್ತಾಳೆ, ನಾನು ದಿನಾ ‘ರಿಹರ್ಸಲ್ ಅಮ್ಮ, ಬ್ಯುಸಿ’ ಅಂತೀನಿ. ಕೂತು ಬರೆಯೋ ತಾಳ್ಮೆ ನನಗಿಲ್ಲ ಅಂತ ನಿನಗೆ ಗೊತ್ತು. ಅದಕ್ಕೇ ಆಫೀಸಿನ ಪಾರ್ಕಿಂಗಲ್ಲಿ ಕಾರೊಳಗೆ ಕೂತು ಫೋನಿಗೆ ಹೇಳ್ತಿದ್ದೀನಿ, ಅದು ಬರ್ಕೊಳ್ತಿದೆ. ಹೇಳಿದ್ದನ್ನೇ ಹೇಳಿದರೆ ಬೈಬೇಡ. ಪ್ರಿಂಟ್ ತೆಗೆದು ನಾಳೆ ಬೆಳಗ್ಗೆ ಕೊರಿಯರ್‌ಗೆ ಹಾಕ್ತೀನಿ, ಗುರುವಾರ ನಿನ್ನ ಕೈ ಸೇರುತ್ತಂತೆ. ಕಾಗದಕ್ಕೆ ಟಿಕ್ ಇರಲ್ಲ. ಬಾಗಿಲಿಗೆ ಬಂದದ್ದನ್ನ ನೀನು ಒಡೆದು ನೋಡೇ ನೋಡ್ತೀಯ, ಚಿಕ್ಕಂದಿನಿಂದ ಹಾಗೇ.

ಮೊದಲಿಂದ ಹೇಳ್ತೀನಿ, ಅವತ್ತು ನೀನು ಅರ್ಧಕ್ಕೇ ಫೋನ್ ಇಟ್ಟೆಯಲ್ಲ. ನಿಮ್ಮ ಥರ್ಡ್ ಪ್ಲೌ ಬ್ಯಾಂಡಿನ ನಾಲ್ಕೂ ಜನಕ್ಕೆ ಜೂನ್‌ನಲ್ಲಿ ಅಮೆರಿಕದ ಇಪ್ಪತ್ತೆರಡು ಊರಲ್ಲಿ ಶೋ, ಮೊದಲನೆಯದು ಲಾಸ್ ಏಂಜಲೀಸಲ್ಲಿ. ಅದಕ್ಕೆ ವೀಸಾ ಬೇಕು. ವೀಸಾ ಬೇಕಾದರೆ ನೀವು ಒಂದಕ್ಕಿಂತ ಹೆಚ್ಚು ದೇಶದಲ್ಲಿ ಹೆಸರು ಮಾಡಿದವರು ಅಂತ ತೋರಿಸಬೇಕು. ಜನವರಿಯಲ್ಲಿ ಅಪ್ಲೈ ಮಾಡಿದ್ದಾಯ್ತು, ಈಗ ಇಮಿಗ್ರೇಶನ್‌ನವರು ನೋಟಿಸ್ ಕಳಿಸಿದ್ದಾರೆ. ಒಂಬತ್ತು ಪುಟ. ನಾನು ಓದಿಕೊಂಡಿದ್ದು ಇಷ್ಟೇ: ಕೆನಡಾದಲ್ಲಿ ಇವರ ಹೆಸರಿದೆ, ಒಪ್ಪಿಕೊಂಡ್ವಿ, ಕೆನಡಾ ಬಿಟ್ಟರೆ ಯಾರಿಗೆ ಗೊತ್ತು? ಅಮೆರಿಕದವರದು ಅಂತ ಹತ್ತೊಂಬತ್ತು ಪತ್ರ ಲಗತ್ತಿಸಿದ್ದೀರಿ, ಹತ್ತೊಂಬತ್ತರಲ್ಲೂ ಒಂದೇ ವಾಕ್ಯ ಇದೆ ಯಾಕೆ?

ಆ ವಾಕ್ಯ ನಿನಗೆ ಬಾಯಿಪಾಠ ಆಗಿರುತ್ತೆ. ‘ಈ ಸಂಗೀತಗಾರರನ್ನು ನಾನು ಹಲವಾರು ವರ್ಷಗಳಿಂದ ಬಲ್ಲೆ, ಇವರು ಸನ್ನಡತೆಯುಳ್ಳವರು.’ ನಮ್ಮೂರಲ್ಲಿ ಗೆಜೆಟೆಡ್ ಆಫೀಸರ್ ಹತ್ತಿರ ಹಾಕಿಸ್ಕೊಳ್ತಿದ್ದ ಕ್ಯಾರೆಕ್ಟರ್ ಸರ್ಟಿಫಿಕೇಟ್ ಇದ್ದ ಹಾಗೇ ಇದೆ, ಸೀಲ್ ಒಂದು ಕಮ್ಮಿ. ಸಂಕ್ರಾಂತಿ ದಿನ ಪೆನಾಸ್ಕಿಟೋಸ್‌ನ ಸ್ಕೂಲ್ ಹಾಲಲ್ಲಿ ಕನ್ನಡ ಸಂಘದ ಹಬ್ಬಕ್ಕೆ ಬಂದವರೆಲ್ಲರೂ ಬಿಸಿಬೇಳೆಬಾತ್ ಲೈನಲ್ಲಿ ನಿಂತುಕೊಂಡೇ ಸೈನ್ ಹಾಕಿದರು. ಕುಮುದಾ ಆಂಟಿ ಎಲ್ಲರಿಗಿಂತ ಮೊದಲು, ಕೈಯಲ್ಲಿದ್ದ ತಟ್ಟೆಯನ್ನೇ ಹಾಳೆ ಕೆಳಗೆ ಇಟ್ಟುಕೊಂಡು. ಒಬ್ಬರೂ ಓದಲಿಲ್ಲ. ‘ಹುಡುಗನಿಗೆ ಒಳ್ಳೇದಾಗಲಿ ಕಣೇ, ಎಲ್ಲಿ ಹಾಕ್ಬೇಕು ಹೇಳು’ ಅಂದರು, ಅಷ್ಟೇ. ಪಾಪ, ಅವರಿಗೇನು ಗೊತ್ತು, ಇಲ್ಲಿ ಸರ್ಕಾರದವರು ನಿನ್ನ ನಡತೆ ಕೇಳಲ್ಲ, ನಿನ್ನ ಹಾಡು ಯಾರು ಕೇಳಿದ್ದಾರೆ ಅಂತ ಕೇಳ್ತಾರೆ ಅಂತ.

ಅದಕ್ಕೆ ನೀನು ಪೊಮೊನಾಗೆ ಫೋನ್ ಮಾಡಿ, ಆ ಪತ್ರಗಳನ್ನ ಹೊಂದಿಸಿಕೊಟ್ಟ ಸಂಘದ ಕೃಷ್ಣಸ್ವಾಮಿ ಅಂಕಲ್‌ನ ಬೈದೆ. ಎಪ್ಪತ್ತನಾಲ್ಕು ವರ್ಷದ ರಿಟೈರ್ಡ್ ಪ್ರೊಫೆಸರ್‌ನ. ‘ಒಂಬತ್ತು ವರ್ಷ ವ್ಯಾನಲ್ಲಿ ಮಲಗಿ ಕಟ್ಟಿದ್ದನ್ನ ನಿಮ್ಮ ಕನ್ನಡ ಸಂಘ ಒಂದು ಸಾಲಲ್ಲಿ ಮುಗಿಸಿತು’ ಅಂದೆ. ಆಮೇಲೆ ನನಗೂ ಅದನ್ನೇ ಹೇಳಿ ಫೋನ್ ಆಫ್ ಮಾಡಿದೆ. ಈ ಟೂರ್ ಕೈತಪ್ಪಿದರೆ ಬ್ಯಾಂಡ್ ಬಿಡ್ತೀವಿ, ಕೆಲಸ ನೋಡ್ಕೊಳ್ತೀವಿ ಅಂತ ಉಳಿದ ಮೂವರು ಹೇಳಿದ್ದಾರೆ, ಅದೂ ನನಗೆ ಗೊತ್ತು. ಅದಕ್ಕೇ ನನಗೆ ಭಯ. ಕೋವಿಡ್ ವರ್ಷ ನೀನು ಹೀಗೇ ಎರಡು ವಾರ ಬಾಗಿಲು ಹಾಕ್ಕೊಂಡಿದ್ದೆ. ಪಕ್ಕದ ಮನೆಯವರಿಂದ ಬಾಗಿಲು ಬಡಿಸಬೇಕಾಯ್ತು. ಅವರ ನಂಬರ್ ಈಗ ನನ್ನ ಹತ್ತಿರ ಇಲ್ಲ ಅಣ್ಣಾ. ಅವರು ಮನೆ ಖಾಲಿ ಮಾಡಿದರು ಅಂತ ನೀನೇ ಹೇಳಿದ್ದೆ.

ಈ ಹನ್ನೊಂದು ದಿನ ನಾನು ಏನು ಮಾಡಿದೆ ಗೊತ್ತಾ? ನಿಮ್ಮ ಬ್ಯಾಂಡ್ ಗೊತ್ತಾ ಅಂತ, ಕೆನಡಾದ ಬೇರೆ ಹಾಡುಗಾರರ ಹೆಸರನ್ನೂ ಹೇಳಿ, ಸಿಕ್ಕಸಿಕ್ಕ ಅಮೆರಿಕನ್ನರನ್ನೆಲ್ಲ ಕೇಳಿದೆ. ಲಂಚ್ ರೂಮಲ್ಲಿ, ಜಿಮ್ಮಲ್ಲಿ, ಹಲ್ಲಿನ ಡಾಕ್ಟರ್ ಹತ್ತಿರ ಬಾಯಿ ತೆಕ್ಕೊಂಡೇ ಕೇಳಿದೆ. ಶನಿವಾರ ಲಾಯರ್‌ನ ನೋಡೋಕೆ ಲಾಸ್ ಏಂಜಲೀಸ್‌ಗೆ ಮೂರು ಗಂಟೆ ಡ್ರೈವ್ ಮಾಡಿದೆ. ಹಾಗೇ ಅಲ್ಲಿ ಒಂದು ರೆಕಾರ್ಡ್ ಅಂಗಡಿ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಸೆನ್ಸಸ್‌ನವಳ ಥರ ಹಿಡಿದು ಕೇಳಿದೆ. ಎಲ್ಲರಿಗೂ ನೀಲ್ ಯಂಗ್ ಗೊತ್ತು, ಶನಾಯಾ ಟ್ವೈನ್ ಗೊತ್ತು. ಆದರೆ ‘ಅವರು ಕೆನಡಾದವರಾ?’ ಅಂತ ನನ್ನನ್ನೇ ಕೇಳ್ತಾರೆ. ನೀನು ಪಿಯುಸಿಯಲ್ಲಿ ಟ್ಯೂಷನ್ ಅಂತ ಸುಳ್ಳು ಹೇಳಿ ಪ್ಯಾಲೇಸ್ ಗ್ರೌಂಡ್ಸ್‌ಗೆ ಹೋಗಿದ್ದೆಯಲ್ಲ, ಆ ಬ್ರಯಾನ್ ಆಡಮ್ಸ್ ಹೆಸರು ಹೇಳಿದರೆ ಒಬ್ಬ ಎದೆ ಮುಟ್ಟಿಕೊಂಡು, ಅವನು ನಮ್ಮವನೇ ಅಂದ. ಗೆದ್ದೆತ್ತಿನ ಬಾಲ ಹಿಡಿಯೋದು ಬರೀ ನಮ್ಮ ಕಡೆ ಅಂದ್ಕೊಂಡಿದ್ದೆ. ಹೆಸರು ಬಂದವರೆಲ್ಲ ಇವರವರು, ಬರೋ ತನಕ ಕೆನಡಾದವರು.

ಆಮೇಲೆ ಕೆನಡಾದ ಆ ದಿ ಟ್ರಾಜಿಕಲಿ ಹಿಪ್ ಬ್ಯಾಂಡ್ ಬಗ್ಗೆ ಕೇಳಿದೆ. ಅವರ ಕೊನೆಯ ಶೋ ದಿನ ಇಡೀ ದೇಶ ಟಿವಿ ಮುಂದೆ ಕೂತಿತ್ತು ಅಂತ ನೀನು ನನಗೆ ಮತ್ತೆ ಮತ್ತೆ ಹೇಳಿದ್ದೆ, ನೆನಪಿದೆಯಾ? ಆ ಹೆಸರು ನಾನು ಕೇಳಿದವರಲ್ಲಿ ಮೂರೇ ಜನಕ್ಕೆ ಗೊತ್ತಿತ್ತು. ಮೂವರೂ ಹುಟ್ಟಿದ್ದು ಗಡಿ ಹತ್ತಿರ, ಇಬ್ಬರು ಡೆಟ್ರಾಯ್ಟ್, ಒಬ್ಬರು ಬಫಲೋ. ಆಗ ಹೊಳೀತು. ಇಲ್ಲಿ ನನ್ನ ಕಾರಿನ ರೇಡಿಯೋ ತಿರುಗಿಸಿದರೆ ಮೆಕ್ಸಿಕೋ ಕಡೆಯ ಟಿಹುವಾನಾ ಸ್ಟೇಷನ್ ಬರುತ್ತೆ. ಹಾಗೇ ಡೆಟ್ರಾಯ್ಟ್, ಬಫಲೋದವರಿಗೆ ಕೆರೆಯಾಚೆಯಿಂದ ಕೆನಡಾದ ನಿಮ್ಮ ಸ್ಟೇಷನ್. ಪಾಸ್‌ಪೋರ್ಟ್ ಕೇಳದೆ ಹಾಡು ದಾಟುತ್ತೆ, ಟವರ್ ತಲುಪೋಷ್ಟು ದೂರ. ನಾನು ಎರಡೂವರೆ ಸಾವಿರ ಮೈಲಿ ಆಚೆ, ತಪ್ಪು ಗಡಿಯಲ್ಲಿ ನಿಂತು ಹುಡುಕ್ತಿದ್ದೆ. ಆಮೇಲಿಂದ ನಾನು ಜನರನ್ನ ಮೊದಲು ಕೇಳ್ತಿದ್ದಿದ್ದೇ, ನೀವು ಯಾವ ಊರವರು ಅಂತ. ಮದುವೆಗೆ ಸಂಬಂಧ ನೋಡೋ ಅತ್ತೆಯ ಹಾಗೆ.

ಹಾಗೆ ಸಿಕ್ಕಿದ್ದು ಡೇಲ್. ನಮ್ಮ ಬಿಲ್ಡಿಂಗಿನ ಲಿಫ್ಟ್ ರಿಪೇರಿ ಮಾಡೋ ಮುದುಕ, ಬಫಲೋದವನು. ಥರ್ಡ್ ಪ್ಲೌ ಅಂದ ತಕ್ಷಣ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಐದು ವರ್ಷದ ಹಿಂದೆ ಗಡಿಯ ಸೇತುವೆ ದಾಟಿ ನಿಮ್ಮ ಕಡೆಯ ಸೇಂಟ್ ಕ್ಯಾಥರೀನ್ಸ್‌ನ ಒಂದು ಬಾರಲ್ಲಿ ನಿಮ್ಮನ್ನ ನೋಡಿದ್ದನಂತೆ. ನಿನ್ನ ಗಿಟಾರಿನ ತಂತಿ ಹರೀತಂತೆ. ಹೊಸದು ಹಾಕ್ತಾ ಹಾಕ್ತಾ ನೀನು ಮೈಕಲ್ಲಿ ಬರೀ ಬಾಯಲ್ಲಿ ಏನೋ ಹಾಡಿದೆಯಂತೆ, ನಿಮ್ಮ ಭಾಷೆಯ ಪ್ರಾರ್ಥನೆ ಇರಬೇಕು, ಇಡೀ ಬಾರ್ ಸುಮ್ಮನಾಯ್ತು ಅಂದ. ಆಮೇಲೆ ಗುನುಗಿ ತೋರಿಸಿದ. ಅಣ್ಣಾ, ಅದು ಹದಿಮೂರರ ಮಗ್ಗಿ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಮೂರನೇ ಕ್ಲಾಸಲ್ಲಿ ನಾನು ಅತ್ತೂ ಅತ್ತೂ ಕಲಿಯದೇ ಇದ್ದಾಗ ನೀನು ರಾಗ ಹಾಕಿ ಹೇಳಿಕೊಟ್ಟೆಯಲ್ಲ, ಅದೇ ರಾಗ. ಲಿಫ್ಟ್ ಬಾಗಿಲು ತೆಗೆದೇ ಇತ್ತು, ಜನ ನೋಡ್ತಿದ್ದರು, ನನಗೆ ನಗು ಬಂತು, ಆಮೇಲೆ ಅಳು ನಿಲ್ಲಲಿಲ್ಲ. ಪ್ರಾರ್ಥನೆ ಅಲ್ಲ ಅಂತ ಅವನಿಗೆ ಹೇಳಲಿಲ್ಲ. ಹೇಳಿದರೂ ಅವನು ನಂಬ್ತಿರಲಿಲ್ಲ.

ಡೇಲ್ ಅವತ್ತೇ ಒಂದು ಪುಟ ಕೈಯಲ್ಲಿ ಬರೆದುಕೊಟ್ಟ. ತಪ್ಪು ಸ್ಪೆಲಿಂಗು, ಗ್ರೀಸ್ ಬೆರಳಚ್ಚು ಎಲ್ಲ ಸೇರಿ. ಲಾಯರ್ ಅದನ್ನ ಎರಡು ಸಲ ಓದಿ, ಆ ಹತ್ತೊಂಬತ್ತು ಪತ್ರಕ್ಕಿಂತ ಇದು ತೂಕ ಅಂದಳು. ಆದರೆ ಒಂದು ಸಾಲದು, ಇಂಥವು ಹತ್ತಾದರೂ ಬೇಕು ಅಂದಳು. ಹತ್ತು ಜನ ಡೇಲ್‌ನಂಥವರು ಎಲ್ಲಿದ್ದಾರೆ ಅಂತ ನಿನಗೆ ಮಾತ್ರ ಗೊತ್ತು. ಅಮೆರಿಕದಿಂದ ನಿಮ್ಮ ರೆಕಾರ್ಡ್ ತರಿಸ್ಕೊಂಡವರಿಗೆಲ್ಲ ನೀನೇ ಡಬ್ಬ ಕಟ್ಟಿ ಪೋಸ್ಟ್ ಮಾಡಿದ್ದೀಯ. ರಸೀದಿಗಳನ್ನ ಅಪ್ಪ ಔಷಧಿ ಅಂಗಡೀಲಿ ಚೀಟಿ ಚುಚ್ಚಿಡ್ತಿದ್ದ ಹಾಗೆ ತಂತಿಗೆ ಚುಚ್ಚಿ, ಅಡುಗೆಮನೆ ಕಿಟಕಿ ಪಕ್ಕ ತೂಗುಹಾಕಿದ್ದೀಯ. ವಿಡಿಯೋ ಕಾಲಲ್ಲಿ ನಾನೇ ನೋಡಿದ್ದೀನಿ, ಆ ತಂತಿ ನೋಡಿ ನಕ್ಕಿದ್ದೀನಿ. ಪ್ರತಿ ರಸೀದಿ ಮೇಲೂ ಹೆಸರಿದೆ, ಊರಿದೆ. ಒಂದೊಂದನ್ನೂ ಫೋಟೋ ತೆಗೆದು ಕಳಿಸು. ಒಬ್ಬೊಬ್ಬರನ್ನೂ ಹುಡುಕಿ ಮಾತಾಡೋದು ನನಗಿರಲಿ. ನಮ್ಮ ಉತ್ತರ ಇದೇ ಇಪ್ಪತ್ತೆರಡು, ಶುಕ್ರವಾರದೊಳಗೆ ಇಮಿಗ್ರೇಶನ್‌ನವರ ಕೈ ಸೇರಬೇಕು. ಈ ಗುರುವಾರ ನೀನು ಕಳಿಸಿದರೆ ನನಗೆ ಒಂದು ವಾರ ಸಿಗುತ್ತೆ. ಕಳಿಸದೇ ಇದ್ದರೆ ಡೇಲ್‌ನ ಒಂದು ಹಾಳೆ ಹಿಡ್ಕೊಂಡು ಹೋಗ್ತೀವಿ, ಆಮೇಲೆ ಏನಾಗುತ್ತೆ ಅಂತ ನಾನು ಈ ಫೋನಿಗೆ ಹೇಳಲ್ಲ.

ಸೆಕ್ಯುರಿಟಿಯವನು ಎರಡನೇ ಸಲ ಬಂದು ಕಾರಿನ ಕಿಟಕಿ ನೋಡಿ ಹೋದ. ಒಬ್ಬಳೇ ಕೂತು ಮಾತಾಡ್ತಿದ್ದೀನಿ, ತಲೆ ಕೆಟ್ಟಿದೆ ಅಂದ್ಕೊಂಡಿರಬೇಕು. ನಿಲ್ಲಿಸ್ತೀನಿ. ಮನೆ ಬೆಚ್ಚಗಿಟ್ಕೋ. ಮಣಿಕಟ್ಟಿಗೆ ಬಟ್ಟೆ ಸುತ್ತಿ ಮಲಕ್ಕೋ. ನಾನು ನಿನಗಿಂತ ಚಿಕ್ಕವಳು, ಆಶೀರ್ವಾದ ಮಾಡೋ ಹಾಗಿಲ್ಲ, ಆದರೂ ಮಾಡ್ತೀನಿ: ಮುಂದಿನ ಸಲ ಆ ಮಗ್ಗಿಯನ್ನ ನೀನು ಹೇಳೋವಾಗ ನಾನು ಎದುರಿಗೇ ನಿಂತಿರೋ ಹಾಗಾಗಲಿ.

ನಿನ್ನ ತಂಗಿ,
ಮೇಧಾ

ಮತ್ತೆ ಇನ್ನೊಂದು. ಧೈರ್ಯ ಹೋಗೋ ಮುಂಚೆ ಬೇಗ ಹೇಳಿಬಿಡ್ತೀನಿ. ಆ ವಾಕ್ಯ ಅಂಕಲ್‌ದಲ್ಲ, ನನ್ನದು. ಅವರು ಹತ್ತೊಂಬತ್ತು ಮನೆಗೂ ಫೋನ್ ಮಾಡಿ, ಯಾರು ಯಾವಾಗ ಎಲ್ಲಿ ನಿಮ್ಮ ಹಾಡು ಕೇಳಿದ್ದಾರೆ ಅಂತ ವಿಚಾರಿಸಿ, ಒಬ್ಬೊಬ್ಬರದೂ ಬೇರೆ ಬೇರೆ ಬರೆದು ಆರು ಹಾಳೆ ನನ್ನ ಕೈಗೆ ಕೊಟ್ಟಿದ್ದರು, ಟೈಪ್ ಮಾಡಮ್ಮಾ ಅಂತ. ಮಾರನೇ ದಿನವೇ ಸಂಕ್ರಾಂತಿ, ನನಗೆ ಬೇಜಾರು. ಒಂದು ಮಾಡಿ ಹತ್ತೊಂಬತ್ತು ಪ್ರಿಂಟ್ ತೆಗೆದೆ. ನೀನು ಅವರಿಗೆ ಬೈತಿದ್ದಾಗ ನಾನು ಅವರ ಸೋಫಾದಲ್ಲೇ ಕೂತಿದ್ದೆ, ಸ್ಪೀಕರ್ ಆನ್ ಇತ್ತು. ಅವರು ನನ್ನ ಮುಖ ನೋಡಿ, ‘ಹೌದಪ್ಪಾ, ವಯಸ್ಸಾಯ್ತು, ನನ್ನಿಂದ ತಪ್ಪಾಯ್ತು’ ಅಂದರು. ನಾನು ಬಾಯಿ ಬಿಡಲಿಲ್ಲ. ಆ ಆರು ಹಾಳೆ ಕಾರಿನ ಡ್ಯಾಶ್‌ಬೋರ್ಡಲ್ಲೇ ಇತ್ತು, ಇವತ್ತು ಮೊದಲನೇ ಸಲ ಓದಿದೆ. ಕುಮುದಾ ಆಂಟಿ ಮಗಳು ಡೆಟ್ರಾಯ್ಟಲ್ಲಿ ಓದೋವಾಗ ಎರಡು ಸಲ ಗಡಿ ದಾಟಿ ನಿಮ್ಮ ಶೋಗೆ ಹೋಗಿದ್ದಳಂತೆ. ನಾಲ್ಕನೇ ಹಾಳೇಲಿದೆ. ನನ್ನ ಫೋನ್ ಎತ್ತಬೇಡ ಅಣ್ಣಾ, ಪರವಾಗಿಲ್ಲ. ಪೊಮೊನಾಗೆ ಫೋನ್ ಮಾಡು. ರಸೀದಿ ಅವರಿಗೇ ಕಳಿಸು.